ಇಪ್ಪತ್ತಮೂರು ಕಿಲೋ ಸಿದ್ಧತೆ

ಶ್ರಾವಣ ಮುಗಿದು ಗಣಪತಿ ಹಬ್ಬ ಹತ್ತಿರವಾದಂತೆ ಚಾಕಣದ ನಮ್ಮ ಸೊಸೈಟಿಯಲ್ಲಿ ತೂಕದ ಸಾಧನವೊಂದು ಮನೆಯಿಂದ ಮನೆಗೆ ಸುತ್ತತೊಡಗುತ್ತದೆ. ಪೆಟ್ಟಿಗೆಯ ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ ಎತ್ತಿ ನೋಡುವ ಪುಟ್ಟ ಸಾಧನ ಅದು. ಮೊದಲು ಕೊಂಡವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳ ಚಳಿಗಾಲದ ಸೆಮಿಸ್ಟರು ಅಕ್ಟೋಬರಿನ ಹೊತ್ತಿಗೆ ಶುರುವಾಗುವುದರಿಂದ ಆಗಸ್ಟ್, ಸೆಪ್ಟೆಂಬರುಗಳು ನಮ್ಮಲ್ಲಿ ಪೆಟ್ಟಿಗೆ ಕಟ್ಟುವ ತಿಂಗಳುಗಳು. ಈ ವರ್ಷ ಆ ಸಾಧನ ನಮ್ಮ ಮನೆಗೂ ಬಂದಿದೆ. ಮಗಳು ಅಲ್ಲಿಯ ಒಂದು ಅಂತಾರಾಷ್ಟ್ರೀಯ ವಿದ್ಯಾರ್ಥಿ ನಿಲಯಕ್ಕೆ ಹೊರಟಿದ್ದಾಳೆ. ಒಂದು ಪೆಟ್ಟಿಗೆಗೆ 23 ಕಿಲೋ. ಮೂರು ವಾರಗಳಿಂದ ನಾವು ಮನೆಮಂದಿಯೆಲ್ಲ ಆ 23 ಕಿಲೋಗಳ ಚರ್ಚೆಯಲ್ಲಿ ಮುಳುಗಿದ್ದೇವೆ. ಈ ಚರ್ಚೆಯೇ ಒಂದು ದೊಡ್ಡ ತಪ್ಪು ಎಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಅದನ್ನು ಹೊರನಾಡಿನ ಕನ್ನಡಿಗರ ಮುಂದೆ ನೇರವಾಗಿ ಹೇಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಚಾಕಣ ಒಂದು ಕಾಲಕ್ಕೆ ಈರುಳ್ಳಿಯ ಪೇಟೆ, ಸಂಗ್ರಾಮದುರ್ಗವೆಂಬ ನೆಲಕೋಟೆಯ ಊರು. ಪುಣೆ–ನಾಸಿಕ ಹೆದ್ದಾರಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಅದರ ಚಹರೆಯೇ ಬದಲಾಯಿತು. 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್ ಬೆಂಜ್ ಕಾರ್ಖಾನೆಗಳು ಇಲ್ಲಿ ಕೆಲಸ ಆರಂಭಿಸಿದವು. ಬಜಾಜ್, ಮಹೀಂದ್ರದಂಥ ಸ್ವದೇಶಿ ಹೆಸರುಗಳೂ ಇವೆ. ಇವುಗಳ ಬೆನ್ನು ಹಿಡಿದು ಬೆಳಗಾವಿ, ಹುಬ್ಬಳ್ಳಿ, ಬಾಗಲಕೋಟೆಗಳಿಂದ ನಮ್ಮಂಥ ಇಂಜಿನಿಯರುಗಳು ಬಂದೆವು. ಕಲಬುರಗಿ, ಬೀದರ, ಯಾದಗಿರಿಗಳಿಂದ ಕೂಲಿಯವರೂ ಗುತ್ತಿಗೆಯ ಕಾರ್ಮಿಕರೂ ಬಂದರು. ಜರ್ಮನ್ ಯಂತ್ರಗಳ ನಡುವೆ ದುಡಿದವರ ಮಕ್ಕಳಿಗೆ ಜರ್ಮನಿ ಅಷ್ಟೇನೂ ದೂರದ ದೇಶವೆನ್ನಿಸಲಿಲ್ಲ. ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಭಾಷೆ ಕಲಿತು, ಸಾರ್ವಜನಿಕ ವಿಶ್ವವಿದ್ಯಾಲಯಗಳ ಅತ್ಯಲ್ಪ ಶುಲ್ಕದ ಲೆಕ್ಕ ಹಾಕಿ, ಅವರು ಸಾಲುಸಾಲಾಗಿ ಹೊರಟರು. ಇದರಲ್ಲಿ ಹೆಮ್ಮೆಪಡಬೇಕಾದದ್ದು ಬಹಳವಿದೆ. ನನ್ನ ತಕರಾರಿರುವುದು ಅವರು ಹೋಗುವುದರ ಬಗ್ಗೆ ಅಲ್ಲ, ನಾವು ಕಳಿಸುವ ರೀತಿಯ ಬಗ್ಗೆ.

1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯ ಚಾಕಣದ ಕೋಟೆಯನ್ನು ಸುತ್ತುವರಿದಾಗ ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಒಳಗೆ ಕೂಡಿಟ್ಟ ದವಸ ಮತ್ತು ಮದ್ದಿನ ಬಲದಿಂದ ಸುಮಾರು 2 ತಿಂಗಳು ಕಾದಾಡಿದ. ನಾವು ಮಕ್ಕಳ ಪೆಟ್ಟಿಗೆ ಕಟ್ಟುವುದನ್ನು ನೋಡಿದರೆ ಅವರನ್ನು ಓದಲು ಕಳಿಸುತ್ತಿದ್ದೇವೆಯೋ ಅಂಥದೊಂದು ಮುತ್ತಿಗೆಗೆ ಕಳಿಸುತ್ತಿದ್ದೇವೆಯೋ ಎಂಬ ಅನುಮಾನ ಬರುತ್ತದೆ. ಎರಡು ಕುಕ್ಕರು, ಮೂರು ಬಗೆಯ ಚಟ್ನಿಪುಡಿ, ಗುರೆಳ್ಳು, ಅಗಸಿ, ಶೇಂಗಾ, ಕಟಕ ರೊಟ್ಟಿಯ ಕಟ್ಟು, ಉಪ್ಪಿನಕಾಯಿಯ ಭರಣಿ, ಒಂದು ವರ್ಷಕ್ಕಾಗುವಷ್ಟು ಮಸಾಲೆ ಖಾರ. ಕೊನೆಗಳಿಗೆಯಲ್ಲಿ ಅಜ್ಜಿಯೊಬ್ಬಳು ತುಪ್ಪದ ಡಬ್ಬಿ ತಂದು ನಿಲ್ಲುತ್ತಾಳೆ. ಐರೋಪ್ಯ ಒಕ್ಕೂಟಕ್ಕೆ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನಾಗಲಿ ಮಾಂಸವನ್ನಾಗಲಿ ಒಯ್ಯುವಂತಿಲ್ಲ. ತುಪ್ಪ, ಪೇಢೆ, ಕುಂದಾಗಳೂ ಅದರಲ್ಲಿ ಸೇರಿವೆ. ಹಸಿ ಕರಿಬೇವಿಗೂ 2019ರ ಡಿಸೆಂಬರಿನಿಂದ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಇದನ್ನು ಹೇಳಿದರೆ ಅಜ್ಜಿ ನಂಬುವುದಿಲ್ಲ. ಅಪ್ಪ ನಂಬಿದರೂ ಡಬ್ಬಿಯನ್ನು ಬಟ್ಟೆಗಳ ನಡುವೆ ಇಡುತ್ತಾನೆ. ಪರದೇಶದ ಹೊಸ್ತಿಲಲ್ಲಿ ಮಗು ಇಡುವ ಮೊದಲ ಹೆಜ್ಜೆಯೇ ಒಂದು ಸಣ್ಣ ಸುಳ್ಳಾಗುತ್ತದೆ.

ತಿನಿಸು ಒಯ್ಯುವುದು ಪಾಪವೇನಲ್ಲ. ಚಳಿಗಾಲದ ಒಂದು ಸಂಜೆ, ನಾಲ್ಕು ಗಂಟೆಗೇ ಕತ್ತಲು ಕವಿದಾಗ, ಶೇಂಗಾ ಚಟ್ನಿಯ ವಾಸನೆ ಎಂಥ ಔಷಧವೆಂಬುದನ್ನು ಮನೆ ಬಿಟ್ಟವರೆಲ್ಲ ಬಲ್ಲರು. ನಾನು ಎತ್ತುತ್ತಿರುವ ಪ್ರಶ್ನೆ ಪ್ರಮಾಣದ್ದು, ಅದರ ಹಿಂದಿರುವ ಮನಸ್ಸಿನದ್ದು. ಅಕ್ಕಿ, ಬೇಳೆ, ಸಾಸಿವೆ, ಹುಣಸೆಗಳು ಇಂದು ಜರ್ಮನಿಯ ಯಾವ ದೊಡ್ಡ ಊರಿನ ಏಷ್ಯನ್ ಅಂಗಡಿಯಲ್ಲಾದರೂ ಸಿಗುತ್ತವೆ. ಹಾಗಿದ್ದೂ 23 ಕಿಲೋದಲ್ಲಿ 15 ಕಿಲೋ ತಿನಿಸು ತುಂಬುವಾಗ ನಾವು ಹೇಳುತ್ತಿರುವುದು ಇಷ್ಟು: ಹೊರಗೆ ಹೋಗಬೇಡ, ಕೇಳಬೇಡ, ಬೇರೆಯವರ ಪಾತ್ರೆ ಮುಟ್ಟಬೇಡ, ಎರಡು ವರ್ಷ ಕಳೆದು ಪದವಿ ಹಿಡಿದುಕೊಂಡು ಹೋದಂತೆಯೇ ತಿರುಗಿ ಬಾ.

ಇದರ ಮುಂದಿನ ಹಂತ 'ನಮ್ಮವರ ಕೋಣೆ'ಯ ಹುಡುಕಾಟ. ಪ್ರವೇಶಪತ್ರ ಬಂದ ದಿನವೇ ವಾಟ್ಸಾಪ್ ಗುಂಪುಗಳಲ್ಲಿ ವಿಚಾರಣೆ ಆರಂಭವಾಗುತ್ತದೆ. ಭಾರತೀಯರಾಗಬೇಕು, ಆದಷ್ಟೂ ಕನ್ನಡಿಗರಾಗಬೇಕು, ಸಸ್ಯಾಹಾರಿಗಳಾಗಬೇಕು. ಆಮೇಲೆ ದನಿ ತಗ್ಗಿಸಿ ಅಡ್ಡಹೆಸರು ಏನು ಎಂದು ಕೇಳಲಾಗುತ್ತದೆ. ಅಡ್ಡಹೆಸರಿನಿಂದ ಏನು ತಿಳಿಯಬೇಕೆಂಬುದನ್ನು ಕೇಳುವವರೂ ಬಲ್ಲರು, ಹೇಳುವವರೂ ಬಲ್ಲರು. ಐವತ್ತು ದೇಶಗಳ ಹುಡುಗ ಹುಡುಗಿಯರಿರುವ ನಿಲಯದ ಒಂದು ಮಹಡಿಯ ಮೂಲೆಯಲ್ಲಿ ಹೀಗೆ ನಮ್ಮದೊಂದು ವಾಡೆ ಕಟ್ಟಿಕೊಳ್ಳುತ್ತೇವೆ. ಅಲ್ಲಿ ಜರ್ಮನ್ ಭಾಷೆ ತರಗತಿಯ ಆಚೆ ಕೇಳಿಸುವುದಿಲ್ಲ, ಸಿರಿಯಾದ ಸಹಪಾಠಿಯ ಕಥೆ ಕಿವಿಗೆ ಬೀಳುವುದಿಲ್ಲ, ಕ್ಯಾಮರೂನಿನವನ ಅಡುಗೆಯ ರುಚಿ ಗೊತ್ತಾಗುವುದಿಲ್ಲ. ಎರಡು ವರ್ಷಗಳ ನಂತರ ಆ ವಿದ್ಯಾರ್ಥಿ ಜರ್ಮನಿಯಲ್ಲಿ ಇದ್ದ ಎನ್ನುವುದಕ್ಕೆ ಪದವಿಪತ್ರದ ಹೊರತು ಬೇರೆ ಪುರಾವೆ ಉಳಿದಿರುವುದಿಲ್ಲ.

ಹಾಗಾದರೆ ಆ ನಿಲಯ ನಿಜಕ್ಕೂ ಕೇಳುವುದೇನನ್ನು? ಅಲ್ಲಿ ವಿದ್ಯಾರ್ಥಿಗಳ ವಸತಿ ಮತ್ತು ಊಟದ ವ್ಯವಸ್ಥೆಯನ್ನು ಬಹುಪಾಲು ನೋಡಿಕೊಳ್ಳುವುದು ಸಾರ್ವಜನಿಕ ವಿದ್ಯಾರ್ಥಿ ಸೇವಾ ಸಂಸ್ಥೆಗಳು. ಮೊದಲ ಮಹಾಯುದ್ಧದ ನಂತರ ಹಸಿದು ಕಂಗಾಲಾಗಿದ್ದ ವಿದ್ಯಾರ್ಥಿಗಳ ಸ್ವಸಹಾಯ ಚಳವಳಿಯಿಂದ ಅವು ಮೊಳೆತವು. ಅವುಗಳ ಕೇಂದ್ರ ಸಂಘಟನೆ ತನ್ನ ಹುಟ್ಟನ್ನು 1921ರಿಂದ ಎಣಿಸುತ್ತದೆ. ದೊಡ್ಡ ಊರುಗಳಲ್ಲಿ ಕೋಣೆಗೆ ಹಲವು ಸೆಮಿಸ್ಟರುಗಳ ಕಾಯುವ ಪಟ್ಟಿ ಇರುವುದುಂಟು. ಆದ್ದರಿಂದ ಸಿದ್ಧತೆಯ ಮೊದಲ ಪಾಠ ಮಸಾಲೆ ಕುಟ್ಟುವುದಲ್ಲ, ಸಮಯಕ್ಕೆ ಸರಿಯಾಗಿ ಅರ್ಜಿ ಹಾಕುವುದು. ಕೋಣೆ ನೋಡದೆ, ಕರಾರು ಓದದೆ ಯಾರಿಗೂ ಮುಂಗಡ ಕಳಿಸದಿರುವುದು. ಎರಡನೆಯದು ಹಣ. 2024ರ ಸೆಪ್ಟೆಂಬರಿನಿಂದ ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕಾದ ಮೊತ್ತ ವರ್ಷಕ್ಕೆ 11,904 ಯೂರೊ. ಅಂದರೆ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಊಟ, ಪುಸ್ತಕ ಎಲ್ಲವೂ ಅದರಲ್ಲೇ ಆಗಬೇಕು. ಇಪ್ಪತ್ತೆರಡು ವರ್ಷದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಒಂದು ತಿಂಗಳ ಮನೆಖರ್ಚಿನ ಲೆಕ್ಕ ಬರೆದಿದ್ದಾರೆ?

ಒಳಗೆ ಕಾಲಿಟ್ಟ ಮೇಲಿನ ಕೆಲಸಗಳು ಇನ್ನೂ ಬೇರೆ. ಎರಡು ವಾರದೊಳಗೆ ಮನೆ ಕೊಟ್ಟವರ ದೃಢೀಕರಣ ಪತ್ರ ಹಿಡಿದು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಪ್ರತಿ ಮನೆಗೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕವಿದೆ. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು, ಆದರೆ ಆ ಒಬ್ಬರು ಯಾರು, ಉಳಿದವರು ಅವರಿಗೆ ಹೇಗೆ ಕೊಡಬೇಕು ಎಂಬುದನ್ನು ಅಪರಿಚಿತರ ಜೊತೆ ಕೂತು ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಕಾಗದ, ಪ್ಲಾಸ್ಟಿಕ್, ಅಡುಗೆಯ ಕಸ, ಉಳಿದದ್ದು ಎಂದು ಬೇರೆ ಬೇರೆ ಡಬ್ಬಿಗಳಿಗೆ ಕಸ ವಿಂಗಡಿಸಬೇಕು. ಗಾಜನ್ನು ಬೀದಿಯ ತೊಟ್ಟಿಗೆ ಒಯ್ಯಬೇಕು. ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ಮರಳಿದರೆ 25 ಸೆಂಟ್ ವಾಪಸು ಬರುತ್ತದೆ. ರಾತ್ರಿ 10ರ ನಂತರ ಸದ್ದು ಕೂಡದು, ಭಾನುವಾರ ಗೋಡೆಗೆ ಮೊಳೆ ಹೊಡೆಯಕೂಡದು. ಚಳಿಯಲ್ಲೂ ದಿನಕ್ಕೆ ಕೆಲವು ಸಲ ಕಿಟಕಿಯನ್ನು ಪೂರ್ತಿ ತೆರೆದು ಗಾಳಿಯಾಡಿಸಬೇಕು, ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿದು ಠೇವಣಿಯ ಹಣಕ್ಕೆ ಕುತ್ತು ಬರುತ್ತದೆ. ಕೋಣೆಯೊಳಗೆ ಒಗ್ಗರಣೆ ಹಾಕಿದರೆ ಹೊಗೆಸೂಚಕ ಕೂಗುತ್ತದೆ. ಕೆಲವು ಕಟ್ಟಡಗಳಲ್ಲಿ ಆ ಕೂಗು ನೇರ ಅಗ್ನಿಶಾಮಕ ದಳಕ್ಕೆ ತಲುಪುತ್ತದೆ, ಬಂದು ಹೋದ ಖರ್ಚನ್ನು ಕಾರಣರಾದವರಿಂದ ವಸೂಲು ಮಾಡುವುದೂ ಉಂಟು.

ಇವೆಲ್ಲಕ್ಕಿಂತ ಕಠಿಣವಾದದ್ದು ಅಡುಗೆಮನೆಯ ಗೋಡೆಯ ಮೇಲಿನ ಒಂದು ಹಾಳೆ. ಈ ವಾರ ಒಲೆ ಒರೆಸುವವರು ಯಾರು, ಕಸ ಇಳಿಸುವವರು ಯಾರು, ಶೌಚಾಲಯ ತೊಳೆಯುವವರು ಯಾರು ಎಂಬ ಸರದಿಯ ಪಟ್ಟಿ. ಆ ಹಾಳೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಮೇಲು ಕೀಳೆಂಬ ಭೇದವಿಲ್ಲ. ನಮ್ಮ ಹುಡುಗರು ಎಡವುವುದು ಸರಿಯಾಗಿ ಇಲ್ಲಿಯೇ. ಇಪ್ಪತ್ತೆರಡು ವರ್ಷ ಉಂಡ ತಾಟನ್ನು ಅಲ್ಲೇ ಬಿಟ್ಟು ಎದ್ದ ಹುಡುಗನಿಗೆ ತಾಟು ತಾನಾಗಿಯೇ ಸ್ವಚ್ಛವಾಗುವುದಿಲ್ಲ ಎಂಬುದು ಒಂದು ಆವಿಷ್ಕಾರವೇ ಸರಿ. ಶೌಚಾಲಯ ತೊಳೆಯುವುದಂತೂ ಅವನ ಲೋಕದಲ್ಲಿ 'ಯಾರೋ' ಮಾಡುವ ಕೆಲಸ. ಆ 'ಯಾರೋ' ಯಾರು, ಅವರೇ ಏಕೆ ಮಾಡಬೇಕು ಎಂದು ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಅಂಥ ಹುಡುಗ ಮೂರನೆಯ ವಾರ ತನ್ನ ಸರದಿ ತಪ್ಪಿಸುತ್ತಾನೆ. ನಾಲ್ಕನೆಯ ವಾರ ಬಾಗಿಲಿನ ಮೇಲೆ ಒಂದು ಚೀಟಿ ಅಂಟುತ್ತದೆ. ಐದನೆಯ ವಾರ ಊರಿಗೆ ಫೋನು ಮಾಡಿ ಇಲ್ಲಿಯವರು ಜನಾಂಗದ್ವೇಷಿಗಳು ಎನ್ನುತ್ತಾನೆ. ಜನಾಂಗದ್ವೇಷ ಅಲ್ಲಿ ಇಲ್ಲವೆಂದು ಹೇಳುವ ಮೂರ್ಖತನ ನನ್ನದಲ್ಲ. ಅದು ಇದೆ, ಖಾಸಗಿ ಮನೆ ಹುಡುಕುವಾಗ ಹೆಚ್ಚೇ ಇದೆ. ಆದರೆ ತೊಳೆಯದ ಪಾತ್ರೆಯ ಮೇಲಿನ ಚೀಟಿಯನ್ನೆಲ್ಲ ಆ ಖಾತೆಗೆ ಬರೆದರೆ ನಿಜವಾದ ದ್ವೇಷವನ್ನು ಗುರುತಿಸುವ ಶಕ್ತಿಯೇ ಕುಂದುತ್ತದೆ.

ಅಂತಾರಾಷ್ಟ್ರೀಯ ವಿದ್ಯಾರ್ಥಿ ನಿಲಯವೆಂಬ ಕಲ್ಪನೆ ಹುಟ್ಟಿದ ಬಗೆಯನ್ನು ನಾವು ಮರೆತಿದ್ದೇವೆ. 1909ರಲ್ಲಿ ನ್ಯೂಯಾರ್ಕಿನಲ್ಲಿ ಹ್ಯಾರಿ ಎಡ್ಮಂಡ್ಸ್ ಎಂಬಾತ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಬಳಿ ಎದುರಾದ ಚೀನಾದ ವಿದ್ಯಾರ್ಥಿಯೊಬ್ಬನಿಗೆ ಹೋಗುತ್ತ ಹೋಗುತ್ತ ಶುಭೋದಯ ಹೇಳಿದ. ಆ ಹುಡುಗ ನಿಂತು, ಈ ಊರಿಗೆ ಬಂದು ಮೂರು ವಾರವಾಯಿತು, ನನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಎಂದನಂತೆ. ಎಡ್ಮಂಡ್ಸ್ ಮತ್ತು ಅವನ ಹೆಂಡತಿ ಪರದೇಶದ ವಿದ್ಯಾರ್ಥಿಗಳನ್ನು ಮನೆಗೆ ಊಟಕ್ಕೆ ಕರೆಯತೊಡಗಿದರು. ಅದೇ ಬೆಳೆದು 1924ರಲ್ಲಿ ರಾಕ್‌ಫೆಲರ್ ಕಿರಿಯನ ನೆರವಿನಿಂದ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್ ತೆರೆಯಿತು. 1930ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎರಡನೆಯದು ತೆರೆಯಿತು. ಬರ್ಕ್ಲಿಯಲ್ಲಿ ಅದನ್ನು ಕಟ್ಟುವ ಮೊದಲು 800ಕ್ಕೂ ಹೆಚ್ಚು ಜನ ಸಭೆ ಸೇರಿ ವಿರೋಧಿಸಿದ್ದರು. ಬಿಳಿಯರು, ಕರಿಯರು, ಏಷ್ಯಾದವರು ಒಂದೇ ಸೂರಿನಡಿ ಇರುವುದು ಅವರಿಗೆ ಸಹ್ಯವಾಗಿರಲಿಲ್ಲ. ಎಡ್ಮಂಡ್ಸ್ ಬೇಕೆಂದೇ ಪರದೇಶದವರನ್ನು ಸೇರಿಸದ ವಿದ್ಯಾರ್ಥಿ ಸಂಘಗಳ ಮನೆಗಳಿದ್ದ ರಸ್ತೆಯನ್ನೇ ಆರಿಸಿಕೊಂಡ. ಅಂದರೆ ಈ ನಿಲಯಗಳು ಅಗ್ಗದ ಲಾಡ್ಜುಗಳಾಗಿ ಹುಟ್ಟಿದವಲ್ಲ. ಅಪರಿಚಿತನನ್ನು ಬಾಗಿಲಾಚೆ ನಿಲ್ಲಿಸುವ ಊರಿನ ವಿರುದ್ಧ ಎದ್ದ ಮನೆಗಳು ಅವು.

ಇದನ್ನು ನಮ್ಮ ನೆಲದ ಒಂದು ಘಟನೆಯ ಪಕ್ಕಕ್ಕಿಟ್ಟು ನೋಡೋಣ. 1913ರಲ್ಲಿ ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿಗೆ ಹೋದ ಭೀಮರಾವ್ ಅಂಬೇಡ್ಕರ್ ಅಲ್ಲಿ ವಿದ್ಯಾರ್ಥಿ ನಿಲಯದಲ್ಲಿ ಇದ್ದರು; ಕೊಲಂಬಿಯಾದ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಜೊತೆಗಿದ್ದ ಪಾರ್ಸಿ ಗೆಳೆಯ ನವಲ್ ಭಥೇನಾ ಬದುಕಿನುದ್ದಕ್ಕೂ ಗೆಳೆಯರಾಗಿಯೇ ಉಳಿದರು. ಪರದೇಶದಲ್ಲಿದ್ದಷ್ಟು ಕಾಲ ತಾನು ಅಸ್ಪೃಶ್ಯನೆಂಬ ಅರಿವೇ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರು ಮುಂದೆ ಬರೆದರು. 1917ರಲ್ಲಿ ಅದೇ ಬಡೋದೆಗೆ ಅಧಿಕಾರಿಯಾಗಿ ಮರಳಿದಾಗ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಗೆಳೆಯರನ್ನು ಕೇಳಿದಾಗಲೂ ನೆಪಗಳೇ ದೊರೆತವು. ಕೊನೆಗೆ ಊರಿನ ಉದ್ಯಾನದಲ್ಲಿ ಕೂತು, ಮುಂಬಯಿಯ ರೈಲು ಹತ್ತಿದರು. ಕೊಲಂಬಿಯಾದಲ್ಲಿ ಸಿಕ್ಕ ಕೋಣೆ ಸ್ವದೇಶದಲ್ಲಿ ಸಿಗಲಿಲ್ಲ. ಈ ವಾಕ್ಯವನ್ನು ನಾವು ಮಕ್ಕಳ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಅದಕ್ಕೆ ತೂಕ ಹೆಚ್ಚು.

ಸಮುದಾಯಕ್ಕೊಂದು ವಿದ್ಯಾರ್ಥಿ ನಿಲಯ ಕಟ್ಟಿದವರು ನಮ್ಮ ಹಿರಿಯರೇ ಅಲ್ಲವೇ, ನಮ್ಮವರ ಜೊತೆಗೇ ಇರಲಿ ಎಂದರೆ ತಪ್ಪೇನು ಎಂದು ಕೆಲವರು ಕೇಳಬಹುದು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠ ವಿದ್ಯಾರ್ಥಿಗಳಿಗೆ ನಿಲಯ ತೆರೆದರು. ಜೈನ, ಲಿಂಗಾಯತ, ಮುಸ್ಲಿಂ ವಿದ್ಯಾರ್ಥಿಗಳ ನಿಲಯಗಳು ಒಂದೊಂದಾಗಿ ಬಂದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆಯಿತು. ಗಡಿಯ ಕನ್ನಡಿಗರ ಮಕ್ಕಳೂ ಅಲ್ಲಿ ಓದಿದರು. ಆದರೆ ಎಲ್ಲರಿಗೆಂದು ತೆರೆದ ನಿಲಯ ಒಂದೇ ವರ್ಗದ ಪಾಲಾದದ್ದನ್ನು ಕಂಡ ಮೇಲೆ ಹಿಡಿದ ದಾರಿ ಅದು. ಓದಿನ ಬಾಗಿಲು ಮುಚ್ಚಿದ್ದವರಿಗೆ ಒಳಗೆ ಬರಲು ಇಟ್ಟ ಏಣಿ. ಊರಿನಲ್ಲಿ ಎಲ್ಲ ಬಾಗಿಲುಗಳೂ ತೆರೆದಿರುವ ನಾವು ಪರದೇಶದಲ್ಲಿ 'ನಮ್ಮವರ ಮಹಡಿ' ಹುಡುಕುವುದು ಏಣಿಯಲ್ಲ, ಬೇಲಿ. ಶಾಹೂ ಮಹಾರಾಜರ ಹೆಸರನ್ನು ಅದರ ಸಮರ್ಥನೆಗೆ ತರುವುದು ಅವರಿಗೆ ಮಾಡುವ ಅನ್ಯಾಯ.

ಪುಣೆಗೂ ಇದರಲ್ಲಿ ಒಂದು ಒಳ್ಳೆಯ ಪಾತ್ರವಿದೆ. ಫರ್ಗ್ಯುಸನ್ ಕಾಲೇಜಿನ ಪ್ರಾಧ್ಯಾಪಕರೂ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕರೂ ಆಗಿದ್ದ ಶಾಂ. ಬ. ಮುಜುಮದಾರರು, ಕಾಮಾಲೆ ಹಿಡಿದು ಮಲಗಿದ್ದ ಮಾರಿಷಸ್ಸಿನ ವಿದ್ಯಾರ್ಥಿಯೊಬ್ಬನಿಗೆ ಹುಡುಗಿಯೊಬ್ಬಳು ಕಿಟಕಿಯಿಂದ ಊಟ ಕೊಡುತ್ತಿದ್ದುದನ್ನು ಕಂಡರು. ನಿಯಮ ಮುರಿದದ್ದಕ್ಕೆ ಗದರಿಸಲು ಹೋದವರು ಪರದೇಶದ ಮಕ್ಕಳ ಒಂಟಿತನವನ್ನು ಅರಿತು ಬಂದರು. ಅದೇ 1971ರಲ್ಲಿ ಸಿಂಬಯೋಸಿಸ್ ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ಭಾರತದ ಮತ್ತು ಹೊರದೇಶಗಳ ವಿದ್ಯಾರ್ಥಿಗಳನ್ನು ಒಂದುಗೂಡಿಸುವುದು ಅದರ ಮೂಲ ಉದ್ದೇಶ. ಇರಾನಿನಿಂದ, ಅರಬ್ ದೇಶಗಳಿಂದ, ಆಫ್ರಿಕಾದಿಂದ ಇಂದಿಗೂ ವಿದ್ಯಾರ್ಥಿಗಳು ಪುಣೆಗೆ ಬರುತ್ತಾರೆ. ನಮ್ಮ ಮಕ್ಕಳು ಅಲ್ಲಿ ಏನಾಗಿದ್ದಾರೋ ಅವರು ಇಲ್ಲಿ ಅದೇ ಆಗಿದ್ದಾರೆ.

ಈಗ ನನ್ನ ಸೊಸೈಟಿಯ ವಿಷಯಕ್ಕೆ ಬರಬೇಕು. ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ದಲಾಲಿಯೊಬ್ಬ ಇಬ್ಬರು ಆಫ್ರಿಕನ್ ವಿದ್ಯಾರ್ಥಿಗಳನ್ನು ಕರೆತಂದಿದ್ದ. ಸಮೀಪದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುವವರು. ನಮ್ಮ ಎದುರಿನ ಕಟ್ಟಡದಲ್ಲಿ ಖಾಲಿ ಇದ್ದ ಮನೆಯ ಒಡೆಯರು ಒಪ್ಪಿದ್ದರು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ, ಕಮಿಟಿಯನ್ನು ಕೇಳಬೇಕೆಂದ. ಅವರಲ್ಲೊಬ್ಬ ಕಾಗದಪತ್ರಗಳ ಕಡತವನ್ನು ಅಂಗಿಯೊಳಗೆ ಮುಚ್ಚಿಕೊಂಡು, ತಾನು ನೆನೆಯುತ್ತ ನಿಂತಿದ್ದ. ನಾನು ಸ್ಕೂಟರಿನಲ್ಲಿ ಅವನ ಪಕ್ಕದಲ್ಲೇ ಹಾದು ಒಳಗೆ ಬಂದೆ. ಆ ಭಾನುವಾರ ತುರ್ತುಸಭೆ ಕೂಡಿತು. ಅವಿವಾಹಿತರಿಗೂ ವಿದೇಶಿಯರಿಗೂ ಮನೆ ಬಾಡಿಗೆಗೆ ಕೊಡಕೂಡದು, ಕುಟುಂಬಸ್ಥರಿಗೆ ಮಾತ್ರ ಎಂಬ ಠರಾವು ಬಂತು. ಪೊಲೀಸರ ಕಾಗದಪತ್ರ ಯಾರಿಗೆ ಬೇಕು ಎಂಬುದು ಕೊಟ್ಟ ಕಾರಣ. ವಿದೇಶಿಯರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಫಾರಂ ಸಲ್ಲಿಸಬೇಕೆಂಬ ನಿಯಮವಿರುವುದು ನಿಜ. ಅದನ್ನು ಕಂಪ್ಯೂಟರಿನಲ್ಲಿ ಕೂತಲ್ಲಿಂದಲೇ ತುಂಬಬಹುದು ಎಂಬುದೂ ಅಷ್ಟೇ ನಿಜ. ಜರ್ಮನಿಯಲ್ಲಿ ನಮ್ಮ ಮಕ್ಕಳಿಗೆ ದೃಢೀಕರಣ ಪತ್ರ ಬರೆದುಕೊಡುವವರಿಗೂ ಅದೊಂದು ಕಾಗದದ ಕೆಲಸವೇ. ಅವರು ಬರೆದುಕೊಡುತ್ತಾರೆ. ನಾವು ಕೈ ಎತ್ತಿದೆವು. ಎತ್ತಿದ ಕೈಗಳಲ್ಲಿ ನನ್ನದೂ ಒಂದು. ನಾಲ್ಕು ಕನ್ನಡ ಮನೆಗಳಲ್ಲಿ ನಾಲ್ಕೂ ಕೈ ಎತ್ತಿದವು. ಅದಕ್ಕೆ ಕೆಲವೇ ವಾರಗಳ ಮುಂಚೆ ಬಸವಜಯಂತಿಗೆ ನಾವೇ ಕೂಡಿ ವಚನಗಳನ್ನು ಹಾಡಿದ್ದೆವು.

ಈ ವರ್ಷ ಮಗಳು ನಿಲಯದ ಅರ್ಜಿ ತುಂಬುವಾಗ ರಾಷ್ಟ್ರೀಯತೆ ಎಂಬ ಅಂಕಣ ಬಂತು. ಇದನ್ನೇಕೆ ಕೇಳುತ್ತಾರೆ, ಭಾರತೀಯರೆಂದರೆ ಕೊಡುವುದಿಲ್ಲವೋ ಏನೋ ಎಂದು ನಾನು ಆತಂಕದಿಂದ ಅಂದೆ. ಅವಳು ತಲೆ ಎತ್ತದೆಯೇ, ಅದು ನಮ್ಮ ಸೊಸೈಟಿಯಲ್ಲಪ್ಪಾ ಎಂದಳು. ಇಷ್ಟೇ. ಆಮೇಲೆ ಅರ್ಜಿ ತುಂಬುವುದನ್ನು ಮುಂದುವರಿಸಿದಳು. ಆ ರಾತ್ರಿಯಿಂದ ನನಗೆ ಪೆಟ್ಟಿಗೆಯ ತೂಕದಲ್ಲಿ ಆಸಕ್ತಿ ಹೋಗಿದೆ.

ಠರಾವಿನ 'ಅವಿವಾಹಿತರು' ಎಂಬ ಮಾತಿಗೆ ಸಿಕ್ಕಿಬಿದ್ದವರಲ್ಲಿ ನಮ್ಮ ಭಾಷೆಯವರೇ ಹಲವರು. ನಾಣೇಕರವಾಡಿ, ಖರಾಬವಾಡಿ, ಮೇದನಕರವಾಡಿಗಳ ಪತ್ರೆಯ ಸೂರಿನ ಕೋಣೆಗಳಲ್ಲಿ ಆರು, ಎಂಟು ಜನ ಒಟ್ಟಿಗಿರುವ ಹುಡುಗರನ್ನು ಚಾಕಣದಲ್ಲಿ ಇರುವವರೆಲ್ಲ ಕಂಡಿದ್ದಾರೆ. ಹಗಲು ಪಾಳಿಯವರು ಎದ್ದ ಚಾಪೆಯಲ್ಲಿ ರಾತ್ರಿ ಪಾಳಿಯವರು ಮಲಗುತ್ತಾರೆ. ಯಾದಗಿರಿಯ ಹುಡುಗ, ಬಿಹಾರದವನು, ಒಡಿಶಾದವನು, ಮರಾಠವಾಡದವನು ಒಂದೇ ಒಲೆಯಲ್ಲಿ ಸರದಿಯಂತೆ ಬೇಯಿಸಿಕೊಳ್ಳುತ್ತಾರೆ; ನೀರಿಗೂ ಸರದಿ, ಶೌಚಾಲಯ ತೊಳೆಯಲೂ ಸರದಿ. ಆ ಇಕ್ಕಟ್ಟನ್ನು ಕೊಂಡಾಡುವುದು ತಪ್ಪು. ಅದು ಬಡತನ, ಅದಕ್ಕೆ ನ್ಯಾಯವಾದ ಕೂಲಿಯೂ ವಸತಿಯೂ ಉತ್ತರ. ಆದರೆ ಭಾಷೆ ಬಾರದವರ ಜೊತೆ ಒಂದು ಒಲೆ ಹಂಚಿಕೊಂಡು ಬದುಕುವ ವಿದ್ಯೆಯಲ್ಲಿ ಆ ಹುಡುಗರು ನಮ್ಮ ಮಕ್ಕಳಿಗಿಂತ ಬಹಳ ಮುಂದಿದ್ದಾರೆ. ನಮ್ಮ ಗೇಟಿನೊಳಗೆ ಬರಲು ಯೋಗ್ಯರಲ್ಲವೆಂದು ನಾವು ತೀರ್ಮಾನಿಸಿದವರಲ್ಲಿಯೇ ಅಂತಾರಾಷ್ಟ್ರೀಯ ನಿಲಯಕ್ಕೆ ಬೇಕಾದ ಅರ್ಹತೆ ಇದೆ.

ಆಕ್ಷೇಪಗಳು ನನಗೆ ಗೊತ್ತಿವೆ. ಹೆಣ್ಣುಮಗಳನ್ನು ಅಪರಿಚಿತರ ನಡುವೆ ಬಿಡುವುದು ಹೇಗೆ ಎನ್ನುತ್ತಾರೆ. ಭಯ ಸಹಜವಾದದ್ದು. ಅದಕ್ಕೆ ಉತ್ತರ ಬೀಗವಿರುವ ಸ್ವಂತ ಕೋಣೆ, ಕರಾರಿನ ಅರಿವು, ನಿಲಯದ ಮೇಲ್ವಿಚಾರಕರ ಮತ್ತು ಪೊಲೀಸರ ಸಂಖ್ಯೆ, ತೊಂದರೆಯಾದಾಗ ಬಾಯಿಬಿಟ್ಟು ಹೇಳುವಷ್ಟು ಭಾಷೆ. ನಮ್ಮ ಜಾತಿಯ ಜೊತೆಗಾತಿ ಇವುಗಳಲ್ಲಿ ಯಾವುದಕ್ಕೂ ಬದಲಿಯಾಗಲಾರಳು. ನಮ್ಮವರೆಂದ ಮಾತ್ರಕ್ಕೆ ಸುರಕ್ಷಿತರು ಎಂಬ ನಂಬಿಕೆ ಎಷ್ಟು ಹೆಣ್ಣುಮಕ್ಕಳಿಗೆ ಮುಳುವಾಗಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಸಸ್ಯಾಹಾರ. ಏನು ತಿನ್ನಬೇಕೆಂಬುದು ಅವರವರ ನಿರ್ಧಾರ. ಯಾರೂ ಅದನ್ನು ಬಿಡಬೇಕಾಗಿಲ್ಲ. ತನ್ನದೇ ಬಾಣಲೆ, ತನ್ನದೇ ಕಪಾಟು ಇಟ್ಟುಕೊಂಡು ಸಸ್ಯಾಹಾರಿಗಳಾಗಿಯೇ ಉಳಿದ ವಿದ್ಯಾರ್ಥಿಗಳು ಎಲ್ಲ ನಿಲಯಗಳಲ್ಲೂ ಇದ್ದಾರೆ. ಜರ್ಮನ್ ಸಹಪಾಠಿಗಳಲ್ಲೇ ಸಸ್ಯಾಹಾರಿಗಳು ಕಡಿಮೆಯೇನಿಲ್ಲ. ಆದರೆ ಪಕ್ಕದವನ ಬಾಣಲೆಯಲ್ಲಿ ಏನಿದೆಯೆಂದು ಮೂಗು ಮುಚ್ಚಿಕೊಳ್ಳುವುದು ಆಹಾರದ ಆಯ್ಕೆಯಲ್ಲ. ಅದು ನಾವು ಊರಿನಿಂದ ಒಯ್ದ ಹಳೆಯ ರೋಗ. ಮೂರನೆಯ ಆಕ್ಷೇಪ ಕನ್ನಡದ್ದು: ಕನ್ನಡಿಗರ ಜೊತೆಯಿಲ್ಲದೆ ಮಕ್ಕಳು ಭಾಷೆ ಮರೆಯುವುದಿಲ್ಲವೇ? ಕನ್ನಡ ಬಾಗಿಲು ಮುಚ್ಚಿಕೊಂಡು ಕಾಪಾಡುವ ಭಾಷೆಯಾಗಿದ್ದರೆ ಹೊರನಾಡಿನಲ್ಲಿ ಅದು ಎಂದೋ ಸತ್ತಿರುತ್ತಿತ್ತು. ಪುಣೆಯಲ್ಲಿ, ಸೊಲ್ಲಾಪುರದಲ್ಲಿ, ಮುಂಬಯಿಯಲ್ಲಿ ಅದು ಬದುಕಿದ್ದು ಮರಾಠಿಯ ಜೊತೆ ದಿನನಿತ್ಯ ಕೊಡುಕೊಳ್ಳು ನಡೆಸುತ್ತಲೇ. ಫರ್ಗ್ಯುಸನ್‌ನಲ್ಲಿ ಓದಿದ ಬೇಂದ್ರೆಯವರ ಕನ್ನಡ ಮರಾಠಿಯ ನೆರೆಯಿಂದ ಬಡವಾಗಲಿಲ್ಲ.

ಹಾಗಾದರೆ ಸಿದ್ಧತೆ ಹೇಗಿರಬೇಕು? ಪೆಟ್ಟಿಗೆಗೆ ಒಂದು ವಾರ ಸಾಕು, ಉಳಿದದ್ದಕ್ಕೆ ಆರು ತಿಂಗಳು ಬೇಕು. ಆ ಆರು ತಿಂಗಳು ಮಗನಾಗಲಿ ಮಗಳಾಗಲಿ ಮನೆಯ ಶೌಚಾಲಯವನ್ನು ವಾರಕ್ಕೊಮ್ಮೆ ತೊಳೆಯಲಿ. ಚಟ್ನಿಪುಡಿಯ ಭರಣಿಗೆ ಬದಲು ಅದನ್ನು ಕುಟ್ಟುವ ಕೈಗುಣ ಒಯ್ಯಲಿ. ಎಲ್ಲಿಯಾದರೂ ಸಿಗುವ ಆಲೂಗಡ್ಡೆ, ಕೋಸು, ಬೇಳೆಗಳಿಂದ ಮೂರು ಅಡುಗೆ ಕಲಿಯಲಿ, ಅದನ್ನು ಇನ್ನೊಬ್ಬರಿಗೆ ಬಡಿಸುವುದನ್ನೂ ಕಲಿಯಲಿ. ಇಂಗ್ಲಿಷಿನಲ್ಲೇ ಓದುವುದಾದರೂ ಜರ್ಮನ್ ಕಲಿಯಲಿ, ಏಕೆಂದರೆ ಸರದಿಯ ಹಾಳೆ, ನಿಯಮಾವಳಿ, ಪಕ್ಕದ ಮನೆಯ ಅಜ್ಜಿ ಇಂಗ್ಲಿಷಿನಲ್ಲಿ ಇರುವುದಿಲ್ಲ. ಒಂದು ತಿಂಗಳ ಖರ್ಚನ್ನು ಪೈಸೆ ಬಿಡದೆ ಬರೆಯಲಿ. ತಪ್ಪಾದರೆ ಕ್ಷಮೆ ಕೇಳುವುದನ್ನು, ತಪ್ಪಿಲ್ಲದಾಗ ಗಟ್ಟಿಯಾಗಿ ನಿಲ್ಲುವುದನ್ನು ಎರಡನ್ನೂ ಅಭ್ಯಾಸ ಮಾಡಲಿ. ಕೋಣೆಯ ಜೊತೆಗಾರರ ಅಡ್ಡಹೆಸರು ಕೇಳದಿರಲಿ.

ಇವೆಲ್ಲ ಮಕ್ಕಳ ಪಾಲಿನ ಕೆಲಸ. ನಮ್ಮ ಪಾಲಿನದು ಇನ್ನೂ ಬಾಕಿ ಇದೆ. ಪರದೇಶದಲ್ಲಿ ನನ್ನ ಮಗಳಿಗೆ ಯಾವ ನ್ಯಾಯ ಬೇಕೆಂದು ಬಯಸುತ್ತೇನೋ ಅದನ್ನು ನನ್ನ ಗೇಟಿನ ಬಳಿ ನಿಂತವನಿಗೆ ಕೊಡದೆ ಹೋದರೆ, ಆ ಬಯಕೆಗೆ ನನಗೆ ಅರ್ಹತೆಯಿಲ್ಲ. ಅಲ್ಲಿಯ ಯಾವನೋ ಮನೆಯೊಡೆಯ ಅವಳ ಹೆಸರು ಕೇಳಿ ಫೋನು ಇಟ್ಟರೆ ನಾನು ಇಲ್ಲಿ ಕೂತು ಸಿಟ್ಟಾಗುತ್ತೇನೆ; ಆದರೆ ಅವನೂ ನನ್ನ ಹಾಗೆ ಯಾವುದೋ ಭಾನುವಾರ ಕೈ ಎತ್ತಿದವನೇ. ಪುಣೆ, ಮುಂಬಯಿ, ಹೈದರಾಬಾದ್, ದಿಲ್ಲಿಗಳ ಕನ್ನಡಿಗರೇ, ನಾವೂ ಒಂದು ಕಾಲಕ್ಕೆ ಈ ಊರುಗಳಲ್ಲಿ ಕೋಣೆ ಹುಡುಕಿದವರು. ಕರ್ನಾಟಕದವರು ಎಂದಾಗ ಬಾಗಿಲು ಅರ್ಧ ಮುಚ್ಚಿದ ನೆನಪು ನಮ್ಮಲ್ಲಿ ಹಲವರಿಗೆ ಇದ್ದೇ ಇದೆ. ಆ ನೆನಪು ನಮ್ಮನ್ನು ಮೃದುಗೊಳಿಸಬೇಕಿತ್ತು. ಸ್ವಂತ ಮನೆಯಾದ ಕೂಡಲೇ ನಾವು ಬಾಗಿಲಿನ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತೆವು.

ನಮ್ಮ ಸೊಸೈಟಿಯ ವಾರ್ಷಿಕ ಸಭೆಯ ನೋಟಿಸು ಬಂದಿದೆ. ಎರಡು ವರ್ಷದ ಹಿಂದಿನ ಠರಾವನ್ನು ತೆಗೆದುಹಾಕಬೇಕೆಂದು ಕೊಟ್ಟ ನನ್ನ ಪತ್ರವನ್ನು, ನೀರಿನ ಟ್ಯಾಂಕರು ಮತ್ತು ಲಿಫ್ಟಿನ ದುರಸ್ತಿಯ ನಂತರದ ವಿಷಯವಾಗಿ ಸೇರಿಸಿದ್ದಾರೆ. ಕನ್ನಡದ ಮೂರು ಮನೆಗಳಿಗೆ ಹೋಗಿ ಮಾತಾಡಿದ್ದೇನೆ. ಒಬ್ಬರು ಒಪ್ಪಿದ್ದಾರೆ, ಒಬ್ಬರು ಯೋಚಿಸುತ್ತೇನೆ ಎಂದಿದ್ದಾರೆ, ಮೂರನೆಯವರು ಚಹಾ ಕೊಟ್ಟು ಮಾತು ಬದಲಿಸಿದರು. ಅವರ ಮಗನೂ ಈ ಸೆಪ್ಟೆಂಬರಿನಲ್ಲಿಯೇ ಹೊರಟಿದ್ದಾನೆ. ತೂಕದ ಸಾಧನ ನಮ್ಮಲ್ಲಿಂದ ಅವರ ಮನೆಗೇ ಹೋಗಬೇಕು. ಸಭೆಯ ಸಂಜೆ ಅದನ್ನು ಕೊಡಲು ನಾನೇ ಹೋಗುವವನಿದ್ದೇನೆ, ಅವರನ್ನು ಜೊತೆಗೆ ಕರೆದುಕೊಂಡು ಬರಲು.